ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದಿದ ಹುಡುಗಿಗೆ ನಮ್ಮ ಕಡೆ ಏನು ಕೆಲಸ?

ನೀವು ಬಾಗಲಕೋಟೆಯವರು. ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಸೀಟು ಸಿಗುವ ಹಾಗಿದೆ, ಮನೆಯಲ್ಲಿ ಕಂಪ್ಯೂಟರ್ ಸೈನ್ಸೇ ಆಗಬೇಕು ಅಂತಿದ್ದಾರೆ. ಇದರಲ್ಲಿ ಮಾಡುವ ಕೆಲಸ ಏನು, ಹೆಣ್ಣುಮಕ್ಕಳಿಗೆ ಆಗಿಬರುತ್ತಾ, ಮುಂದೆ ಸ್ವಂತ ಕನ್ಸಲ್ಟಿಂಗ್ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಅದನ್ನೇ ಓದಿದವಳು. 2007ರಲ್ಲಿ ಕೆಲಸಕ್ಕೆ ಸೇರಿದೆ. ಈಗ ಹತ್ತು ವರ್ಷದಿಂದ ಬೆಳಗಾವಿಯಲ್ಲಿ ಸ್ವಂತ ಕನ್ಸಲ್ಟಿಂಗ್ ಮಾಡುತ್ತಿದ್ದೇನೆ.

ನನ್ನ ಕೆಲಸ ಏನು ಅಂತ ಅವ್ವನಿಗೆ ಹೇಳುವುದು ನನಗೆ ಇವತ್ತಿಗೂ ಕಷ್ಟ. ಅಪ್ಪನಿಗೆ ಮಾತ್ರ ಬೇಗ ತಿಳಿಯಿತು. ಬೈಲಹೊಂಗಲದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಮುಂಜಾನೆ ಬಂದ ಡಬ್ಬಿಗಳನ್ನೆಲ್ಲ ಅಪ್ಪ ಸಾಲು ಹಚ್ಚುತ್ತಿದ್ದರು. ಮೊದಲು ಜೋಳ, ಆಮೇಲೆ ಗೋಧಿ, ಕೊನೆಗೆ ಕಡಲೆಬೇಳೆ. ಕಾಳು ಬದಲಾದಾಗಲೆಲ್ಲ ಕಲ್ಲಿನಲ್ಲಿ ಉಳಿದ ಹಿಟ್ಟು ಮುಂದಿನವರ ಡಬ್ಬಿಗೆ ಬೀಳುತ್ತೆ, ಜಗಳ ಆಗುತ್ತೆ, ನಿಲ್ಲಿಸಿ ಒರೆಸಬೇಕು. ಅದಕ್ಕೇ ಒಂದೇ ಥರದ್ದು ಒಟ್ಟಿಗೆ. ಆದರೆ ಹಳ್ಳಿಯಿಂದ ಬಂದು ಹನ್ನೊಂದರ ಬಸ್ಸು ಹಿಡಿಯಬೇಕಾದವರ ಡಬ್ಬಿ ಸಾಲು ಮುರಿದು ಮುಂದೆ ಬರುತ್ತಿತ್ತು. ಯಾವುದರ ಹಿಂದೆ ಯಾವುದು ಮಾಡಿದರೆ ವೇಳೆ ಉಳಿಯುತ್ತೆ, ಯಾರನ್ನು ಕಾಯಿಸಬಹುದು, ಯಾರನ್ನು ಕಾಯಿಸಬಾರದು. ನಾನು ಮಾಡುವುದೂ ಇದನ್ನೇ. ಅಪ್ಪ ಇದಕ್ಕೆ ಬೇರೆ ಫೀಸು ತಗೊಳ್ಳುತ್ತಿರಲಿಲ್ಲ, ಅಷ್ಟೇ.

ಮುಧೋಳ, ಜಮಖಂಡಿ ಕಡೆ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನೀವು ನೋಡಿರುತ್ತೀರಿ. ಯಾರ್ಡಿನಲ್ಲಿ 200 ನಿಂತಿವೆ, ಗಂಟೆಗೆ 20 ಖಾಲಿಯಾಗುತ್ತವೆ ಅಂದರೆ ಈಗ ಬಂದವನು 10 ಗಂಟೆ ಕಾಯಬೇಕು. ಇಷ್ಟು ಸರಳ ಲೆಕ್ಕವನ್ನು 1961ರಲ್ಲಿ ಅಮೆರಿಕದ ಜಾನ್ ಲಿಟ್ಲ್ ಗಣಿತದಿಂದ ಸಾಧಿಸಿ ತೋರಿಸಿದರು. ಎರಡನೇ ವರ್ಷಕ್ಕೋ ಮೂರನೇ ವರ್ಷಕ್ಕೋ ನಿಮಗೂ ಬರುತ್ತದೆ. ಡ್ರೈವರ್ ನಿದ್ದೆಗೆಡುವುದು ಹಾಗಿರಲಿ, ಕಡಿದ ಕಬ್ಬು ನಿಂತಷ್ಟೂ ತೂಕವೂ ಇಳಿಯುತ್ತೆ, ಸಕ್ಕರೆಯೂ ಇಳಿಯುತ್ತೆ. ಇಂಥ ಕಡೆ ಹೊಸ ಯಂತ್ರ ತರುವ ಮುಂಚೆ ಕಟಾವಿನ ಸರದಿ ಹೇಗೆ ಕೊಡುತ್ತಿದ್ದಾರೆ ಅಂತ ನೋಡುವುದು ನಮ್ಮ ಕೆಲಸ.

ನಾನು ಮೊದಲು ಸೇರಿದ್ದು ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪಿಗೆ. ಬೆಳಗಾವಿ ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿ, ಹೈಡ್ರಾಲಿಕ್ಸ್, ಅವುಗಳ ಸುತ್ತ ನೂರಾರು ಸಣ್ಣ ವರ್ಕ್‌ಶಾಪ್. ಮಷಿನ್ ಮೇಲಿಂದ ಒಂದು ಜಾಬ್, ಅಂದರೆ ತಯಾರಾಗುವ ಭಾಗ, ತೆಗೆದು ಇನ್ನೊಂದು ಹಾಕಲು ಎಷ್ಟು ವೇಳೆ ಹಿಡಿಯುತ್ತೆ ನೋಡು ಅಂದರು. ಸ್ಟಾಪ್‌ವಾಚ್ ಹಿಡಿದು, ಮಷಿನ್ ಹೊಂದಿಸುವ ಸೆಟರ್ ಒಬ್ಬರ ಹಿಂದೆ ಮೂರು ದಿನ ಓಡಾಡಿದೆ. ಒಂದು ಬದಲಾವಣೆಗೆ 110 ನಿಮಿಷ. ಅದರಲ್ಲಿ ಅವರ ಕೈ ಮಷಿನ್ ಮೇಲೆ ಇದ್ದದ್ದು 40 ನಿಮಿಷ. ಉಳಿದದ್ದೆಲ್ಲ ಪಾನಾ ಹುಡುಕುವುದು, ಕ್ರೇನಿಗೆ ಕಾಯುವುದು, ಮೊದಲ ಪೀಸ್ ಹಿಡಿದು ಆ ತುದಿಯ ಇನ್‌ಸ್ಪೆಕ್ಷನ್ ರೂಮಿಗೆ ಹೋಗಿ ನಿಲ್ಲುವುದು. ಜಪಾನಿನ ಶಿಗೆಯೊ ಶಿಂಗೊ ಇಂಥ ಸೆಟಪ್ಪನ್ನು ಹತ್ತು ನಿಮಿಷದ ಒಳಗೆ ತರಬಹುದು ಅಂತ ಮಾಡಿ ತೋರಿಸಿದ್ದರು. ನಾನು ಅದನ್ನು ಓದಿ ಬಿಸಿಬಿಸಿಯಾಗಿ ಬಂದಿದ್ದೆ. ಚೆಂದದ ರಿಪೋರ್ಟ್ ಬರೆದು ಕೊಟ್ಟೆ.

ಮಾಲೀಕರ ಕಣ್ಣಿಗೆ ಬಿದ್ದದ್ದು ಒಂದೇ ಅಂಕಿ. ‘70 ನಿಮಿಷ ಖಾಲಿ’. ನಾನು ಕೇಳಿದ್ದ ಪಾನಾ ತೂಗುಹಾಕುವ ಬೋರ್ಡೂ ಬರಲಿಲ್ಲ, ಕ್ರೇನೂ ಬರಲಿಲ್ಲ. ಆ ಸೆಟರ್‌ನ ಓವರ್‌ಟೈಮ್ ಕಟ್ಟಾಯಿತು. ಮರುದಿನ ಅವರು ನನ್ನ ಹತ್ತಿರ ಬಂದು, ‘ನಿಮ್ಮ ಮುಂದ ಖರೇ ಖರೇ ಕೆಲಸ ಮಾಡಿದ್ದ ತಪ್ಪಾತ್ರೀ ಮೇಡಮ್ಮಾರ’ ಅಂದರು. ಸಿಟ್ಟಿನಿಂದ ಅಲ್ಲ, ನಕ್ಕೊಂಡೇ ಅಂದರು. ಅಲ್ಲಿಂದ ಮುಂದೆ ನಾನು ವಾಚ್ ತೆಗೆದರೆ ಸಾಕು, ಇಡೀ ಶಾಪ್ ನಿಧಾನ ಆಗುತ್ತಿತ್ತು. ಆರು ತಿಂಗಳು ನಾನು ಬರೆದುಕೊಂಡ ಅಂಕಿಗಳಲ್ಲಿ ಒಂದೂ ನಿಜ ಅಲ್ಲ.

ಹೆಣ್ಣುಮಕ್ಕಳ ವಿಷಯ. ಆಗ ಕಾರ್ಖಾನೆ ಕಾಯ್ದೆಯ 66ನೇ ಕಲಂ ಪ್ರಕಾರ ಸಂಜೆ 7ರಿಂದ ಬೆಳಗ್ಗೆ 6ರವರೆಗೆ ನಮ್ಮನ್ನು ಕೆಲಸಕ್ಕೆ ಹಚ್ಚುವ ಹಾಗಿರಲಿಲ್ಲ. ಹೆಚ್ಚಿನ ತೊಂದರೆ ಆಗುತ್ತಿದ್ದದ್ದೇ ರಾತ್ರಿ ಪಾಳಿಯಲ್ಲಿ, ಅದನ್ನು ನಾನು ಕಣ್ಣಿಂದ ನೋಡುವಂತಿಲ್ಲ! ಈಗ ಆ ನಿಯಮ ಸಡಿಲ ಆಗಿದೆ. ಬಾತ್‌ರೂಮಿನ ಸಮಸ್ಯೆ ಸಣ್ಣ ಫೌಂಡ್ರಿಗಳಲ್ಲಿ ಇನ್ನೂ ಇದೆ. ಹೋಗುವ ಮುಂಚೆ ಫೋನ್‌ನಲ್ಲೇ ನಾಚಿಕೆ ಬಿಟ್ಟು ಕೇಳುತ್ತೇನೆ. ಈ ವಿದ್ಯೆ ಕಟ್ಟಿದವರಲ್ಲೇ ಒಬ್ಬ ಹೆಣ್ಣುಮಗಳಿದ್ದಾರೆ, ಲಿಲಿಯನ್ ಗಿಲ್ಬ್ರೆತ್. ಗಂಡ ಹೆಂಡತಿ ಸೇರಿ ಅಮೆರಿಕದ ಕಾರ್ಖಾನೆಗಳಲ್ಲಿ ಕೈಚಲನೆಯ ಅಧ್ಯಯನ ಮಾಡುತ್ತಿದ್ದರು. 1924ರಲ್ಲಿ ಗಂಡ ತೀರಿಕೊಂಡರು. ಮನೆ ತುಂಬ ಮಕ್ಕಳು. ಹಳೇ ಗಿರಾಕಿಗಳು ಹೆಂಗಸಿಗೆ ಕೆಲಸ ಕೊಡಲು ಹಿಂದೆ ಸರಿದರು. ಆಕೆ ಅಡುಗೆಮನೆಯ ಕೆಲಸದ ಅಧ್ಯಯನಕ್ಕೂ ಕೈ ಹಾಕಿದರು. ಕಾಲಿಂದ ಒತ್ತಿ ತೆರೆಯುವ ಕಸದ ಡಬ್ಬಿ, ಫ್ರಿಜ್ ಬಾಗಿಲ ಒಳಗಿನ ಶೆಲ್ಫು, ಇವನ್ನು ಆಕೆಯ ಹೆಸರಿಗೇ ಹೇಳುತ್ತಾರೆ. ಫ್ರಿಜ್ ತೆಗೆದಾಗಲೆಲ್ಲ ನನಗೆ ನೆನಪಾಗುತ್ತಾರೆ.

ಸ್ವಂತವಾಗಿ ಶುರು ಮಾಡಿದಾಗ ಒಂದು ಷರತ್ತು ಹಾಕಿಕೊಂಡೆ. ನನ್ನ ಅಂಕಿ ನೋಡಿ ಯಾರ ಪಗಾರವನ್ನೂ, ಕೆಲಸವನ್ನೂ ತೆಗೆಯುವುದಿಲ್ಲ ಅಂತ ಮಾಲೀಕರು ಬರೆದುಕೊಡಬೇಕು. ಅದನ್ನು ಕಾರ್ಮಿಕರ ಮುಂದೆ ಓದಬೇಕು. ಎಷ್ಟೋ ಮಂದಿ ‘ಆಮೇಲೆ ನೋಡೋಣ್ರೀ’ ಅಂದು ಮತ್ತೆ ಫೋನ್ ಮಾಡಲಿಲ್ಲ. ಮೊದಲ ವರ್ಷ ನನಗೆ ಸಿಕ್ಕಿದ್ದು ಮೂರೇ ಕೆಲಸ.

ಅದರಲ್ಲಿ ಒಂದು ಫೌಂಡ್ರಿಯದ್ದು. ಸೋಮವಾರ ಮಾತ್ರ ರಿಜೆಕ್ಷನ್ ಜಾಸ್ತಿ. ಬೇರೆ ದಿನ ನೂರಕ್ಕೆ 5 ಪೀಸ್ ಹಾಳಾದರೆ ಸೋಮವಾರ 11. ರಜೆ ಮುಗಿಸಿ ಬಂದ ಮಂದಿಗೆ ಮೈಗಳ್ಳತನ ಅಂತ ಮಾಲೀಕರ ಲೆಕ್ಕ. ನಾನು ವಾಚನ್ನು ಚೀಲದಲ್ಲೇ ಬಿಟ್ಟು ಎರಡು ಸೋಮವಾರ ಸುಮ್ನೆ ನಿಂತೆ. ಎರಡನೇ ಸಲ, ಅಚ್ಚು ಮಾಡುವ ಮರಳಿನ ಮಿಕ್ಸರ್ ಹತ್ತಿರ ಇದ್ದ ಕಾಕಾ ಒಂದು ಹಿಡಿ ಮರಳು ಮುಷ್ಟಿಯಲ್ಲಿ ಒತ್ತಿ, ಕೈ ಬಿಚ್ಚಿ ತೋರಿಸಿದರು. ಉಂಡೆ ನಿಲ್ಲಲಿಲ್ಲ, ಬೆರಳ ಸಂದಿಯಿಂದ ಉದುರಿತು. ‘ಐತವಾರ ಉಸುಕು ಒಣಗತೈತ್ರೀ. ನಾವು ಏಳಕ್ಕ ಅಚ್ಚು ಶುರು ಮಾಡ್ತೀವಿ. ನೀರು ಎಷ್ಟು ಅಂತ ಹೇಳೋ ಲ್ಯಾಬಿನವರು ಬರೂದು ಒಂಬತ್ತೂವರಿಗೆ.’

ಇಷ್ಟು ದಿನ ಯಾರಿಗೂ ಹೇಳಲಿಲ್ವಾ ಅಂದೆ. ‘ಹೇಳೀನ್ರೀ. ಈಗಿನ ಸಾಹೇಬ್ರಿಗೂ ಹೇಳೀನಿ, ಹಿಂದಿನವ್ರಿಗೂ ಹೇಳೀನಿ.’

ಮರಳಿನಲ್ಲಿ ತೇವ ನೂರಕ್ಕೆ ಮೂರು ನಾಲ್ಕರಷ್ಟು ಇರಬೇಕು. ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಎರಕದ ಒಳಗೆ ಸೇರುತ್ತೆ. ನಾನು ಮಾಡಿದ್ದು ಗಂಟೆ ಗಂಟೆಯ ರಿಜೆಕ್ಷನ್ ಎಣಿಸಿ ಒಂದು ಗ್ರಾಫ್ ಹಾಕಿದ್ದು. ಹಾಳಾದದ್ದರಲ್ಲಿ ಹೆಚ್ಚಿನವು ಏಳರಿಂದ ಹತ್ತರ ಒಳಗೆ ಮಾಡಿದ ಅಚ್ಚುಗಳದ್ದೇ. ಗ್ರಾಫ್ ಮೇಲೆ ಕಾಕಾನ ಹೆಸರು ಬರೆದು, ಮೀಟಿಂಗಿಗೆ ಅವರನ್ನೂ ಕೂರಿಸಿದೆ. ಸೋಮವಾರ ಲ್ಯಾಬಿನವರು ಆರಕ್ಕೆ ಬರುವ ಹಾಗಾಯಿತು. ರಿಜೆಕ್ಷನ್ ಬೇರೆ ದಿನದಷ್ಟಕ್ಕೆ ಇಳಿಯಿತು. ನನ್ನ ಬಿಲ್ಲು 40,000 ರೂಪಾಯಿ, ಕೈಗೆ ಬಂದದ್ದು ಐದು ತಿಂಗಳಿಗೆ. ಇದು ಈ ಧಂದೆಯಲ್ಲಿ ಮಾಮೂಲು. ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಳ್ಳದೆ ಕೆಲಸ ಬಿಡಬೇಡಿ.

ಇನ್ನು ಓದು. ಈ ಬ್ರಾಂಚ್ ಇರುವ ಕಾಲೇಜು ಕಡಿಮೆ. ಮೆಕ್ಯಾನಿಕಲ್ ಓದಿ ಆಮೇಲೆ ಇದಕ್ಕೆ ಬಂದವರೂ ಬೇಕಾದಷ್ಟಿದ್ದಾರೆ. ಮುಂದೆ ಓದುವುದಾದರೆ ಮುಂಬೈನ ನಿಟೀ, 1963ರಲ್ಲಿ ಇದಕ್ಕೆಂದೇ ಶುರುವಾದದ್ದು, ಈಗ ಐಐಎಂ ಮುಂಬೈ ಅಂತ ಹೆಸರು. ಸಿಕ್ಸ್ ಸಿಗ್ಮಾ ಅಂತ ತಯಾರಿಕೆಯ ತಪ್ಪು ಕಡಿಮೆ ಮಾಡುವ ಪದ್ಧತಿ ಇದೆ, ಅದರ ಬೆಲ್ಟಿನ ಸರ್ಟಿಫಿಕೇಟಿಗೆ ಈಗಲೇ ದುಡ್ಡು ಸುರಿಯಬೇಡಿ. ‘ಬ್ಲ್ಯಾಕ್ ಬೆಲ್ಟ್’ ಅಂದಾಗ ಒಬ್ಬ ಮಾಲೀಕರು ‘ಕರಾಟೆನೂ ಬರ್ತದೇನ್ರೀ’ ಅಂತ ಕೇಳಿದ್ದರು. ಎಕ್ಸೆಲ್ ಗಟ್ಟಿ ಮಾಡಿಕೊಳ್ಳಿ, ಸ್ವಲ್ಪ ಪೈಥಾನ್ ಕಲಿಯಿರಿ. ಮನೆಯವರಿಗೂ ಕಂಪ್ಯೂಟರ್ ಕಲಿತೆ ಅಂತ ಸಮಾಧಾನ ಆಗುತ್ತೆ, ಅಲ್ವಾ? ದಿನವಿಡೀ ಏಸಿ ರೂಮಿನಲ್ಲಿ ಕೂತು ಮಾಡುವ ಕೆಲಸವೇ ಬೇಕು ಅಂತಿದ್ದರೆ ಮಾತ್ರ ಮನೆಯವರ ಮಾತು ಕೇಳಿ.

ಸೀಟು ಖಚಿತ ಮಾಡಲು ಇನ್ನೂ ದಿನ ಇದ್ದರೆ, ಪರಿಚಯದವರ ಯಾವುದಾದರೂ ಫೌಂಡ್ರಿಗೆ ಒಂದು ಸೋಮವಾರ ಏಳರ ಒಳಗೆ ಹೋಗಿ ನಿಂತು ನೋಡಿ. ಬೂಟು ಹಾಕಿಕೊಂಡು ಹೋಗಿ, ಚಪ್ಪಲಿಯಲ್ಲಿ ಒಳಗೆ ಬಿಡುವುದಿಲ್ಲ.