ಮಂಡಗದ್ದೆ ತಿರುವಿನ ಆ ನಗು

ತೀರ್ಥಹಳ್ಳಿಯ ಓದುಗರೊಬ್ಬರು ಬರೆದಿದ್ದಾರೆ. ದಿನಾ ಕಾರಿನಲ್ಲಿ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗಿಬರುವ ಯುವಕ. ಒಂದು ಸಂಜೆ ವಾಪಸ್ ಬರುವಾಗ ಗಾಜನೂರಿನ ಹತ್ತಿರ ಇನ್ನೊಂದು ಕಾರು ಇವರನ್ನು ಹಿಂದೆ ಹಾಕಿತು. ಓಡಿಸುತ್ತಿದ್ದ ಹುಡುಗಿ ತಿರುಗಿ ನಕ್ಕಳು. ಇವರು ಆಕೆಯನ್ನು ಹಿಂದೆ ಹಾಕಿದರು, ಲೈಟು ಹೊಡೆದರು, ಆಕೆ ಮತ್ತೆ ಮುಂದೆ ಬಂದಳು. ಸಕ್ರೆಬೈಲು ದಾಟಿದರೂ ಆಟ ನಿಲ್ಲಲಿಲ್ಲ. ಮಂಡಗದ್ದೆ ಹತ್ತಿರದ ತಿರುವಿನಲ್ಲಿ ಇವರು ಪಕ್ಕಕ್ಕೇ ಕಾರು ತಂದು, ಗಾಜು ಇಳಿಸಿ, ಫೋನ್ ನಂಬರ್ ಕೊಡಿ ಎಂದು ಕೈಸನ್ನೆ ಮಾಡುತ್ತಿದ್ದಾಗ ಎದುರಿಗೆ ಬಸ್ಸು. ಹೇಗೋ ಬ್ರೇಕ್ ಹಾಕಿ ಹಿಂದೆ ಸರಿದರು. ಹುಡುಗಿ ಹೋದವಳು ಮತ್ತೆ ಕಂಡಿಲ್ಲ. ‘ಬೈಯಬೇಡಿ ಸಾರ್, ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಇದರಲ್ಲಿ ತಪ್ಪೇನು?’ ಎಂದು ಕೇಳಿದ್ದಾರೆ.

ಬಸ್ಸಿನ ವಿಷಯ ಮುಚ್ಚಿಡದೆ ಬರೆದಿದ್ದೀರಿ, ಅದಕ್ಕೇ ಈ ಪತ್ರ ಆರಿಸಿಕೊಂಡೆ. ನಗು ಬಂದಿದ್ದು ತಪ್ಪಲ್ಲ. ಗುರುತಿಲ್ಲದವರು ಕಣ್ಣಲ್ಲೇ ಮಾತಾಡುವುದು ಹೊಸದೂ ಅಲ್ಲ. ನನ್ನ ಕಾಲೇಜು ದಿನಗಳಲ್ಲಿ ಆಗುಂಬೆ ಕಡೆಯ ಬಸ್ಸಿನಲ್ಲಿ ನನ್ನ ಕೊಡೆಯ ನೀರು ಮುಂದಿನ ಸೀಟಿನ ಹುಡುಗಿಯ ಪುಸ್ತಕದ ಮೇಲೆ ಸುರಿದು, ಆಕೆ ಬೈಯಲು ತಿರುಗಿ ಬೈಯದೆ ನಕ್ಕಿದ್ದಳು. ಇಡೀ ಮಳೆಗಾಲ ನಾನು ಅದೇ ಬಸ್ಸು ಹಿಡಿದೆ. ಆದರೆ ರಸ್ತೆ ನೋಡಲು ಡ್ರೈವರ್ ಇದ್ದ, ನಮ್ಮ ಕಣ್ಣಿಗೆ ಬಿಡುವಿತ್ತು. ಬೇಡ ಅನ್ನಿಸಿದ ದಿನ ಆಕೆ ಸುಮ್ನೆ ಬೇರೆ ಸೀಟಿಗೆ ಹೋಗಬಹುದಿತ್ತು, ಕಂಡಕ್ಟರ್‌ಗೆ ಹೇಳಬಹುದಿತ್ತು.

ನಿಮ್ಮ ಆಟದಲ್ಲಿ ಡ್ರೈವರ್ ನೀವೇ ಅಲ್ವಾ? 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 16 ಮೀಟರಿಗೂ ಜಾಸ್ತಿ ಓಡುತ್ತದೆ. ಎರಡೇ ಸೆಕೆಂಡು ಆಕೆಯ ಮುಖ ನೋಡಿದಿರಿ ಅಂದರೆ, ಮೂರು ಬಸ್ಸು ಸಾಲಾಗಿ ನಿಲ್ಲುವಷ್ಟು ದೂರ ರಸ್ತೆಯನ್ನೇ ನೋಡದೆ ಓಡಿಸಿದಿರಿ. ಎದುರಿನ ಬಸ್ಸೂ ಓಡಿ ಬರುತ್ತಿತ್ತು. ಅದರೊಳಗೆ ಕೂತಿದ್ದವರು ನಿಮ್ಮ ಆಟಕ್ಕೆ ಬರುತ್ತೇವೆ ಅಂದಿರಲಿಲ್ಲ. ಆಕೆ ಮೊದಲ ಸಲ ನಕ್ಕಿದ್ದು ನಿಜ ಇರಬಹುದು. ಮೂರನೇ ಸಲ, ಪಕ್ಕದಲ್ಲಿ ನಿಮ್ಮ ಕಾರು, ಇನ್ನೊಂದು ಪಕ್ಕ ಮಣ್ಣು, ಹಿಂದೆಮುಂದೆ ಕಾಡು ಇದ್ದಾಗಲೂ ಆಕೆ ನಗುತ್ತಿದ್ದಳಾ? ನೀವು ಅದನ್ನು ಬರೆದಿಲ್ಲ.

ನನಗೆ ಜಾಸ್ತಿ ನೋವಾಗಿದ್ದು ನೀವು ಲೈಟು ಹೊಡೆದಿದ್ದಕ್ಕೆ. ಮಲೆನಾಡಿನ ರಸ್ತೆಗೆ ಅದರದ್ದೇ ಒಂದು ಭಾಷೆ ಇದೆ. ಎದುರಿನ ಗಾಡಿ ಲೈಟು ಹೊಡೆದರೆ ಮುಂದೆ ಮರ ಬಿದ್ದಿದೆ, ಇಲ್ಲಾ ದನ ಮಲಗಿವೆ. ಆಗುಂಬೆಯ 14 ತಿರುವುಗಳಲ್ಲಿ ಇಳಿಯುವವನು ನಿಲ್ಲಿಸಿ ಹತ್ತುವವನಿಗೆ ದಾರಿ ಬಿಡುತ್ತಾನೆ. ಇಕ್ಕಟ್ಟಿನ ಜಾಗದಲ್ಲಿ ಹತ್ತುವ ಗಾಡಿಗೇ ಮೊದಲ ದಾರಿ ಎಂದು ನಿಯಮವೂ ಇದೆ. ಹತ್ತಿ ಬಂದವನು ಸ್ಟೇರಿಂಗ್‌ನಿಂದ ನಾಲ್ಕು ಬೆರಳು ಎತ್ತಿ ಹೋಗುತ್ತಾನೆ. ಹೆಸರು ಗೊತ್ತಿಲ್ಲ, ಮುಖ ಸರಿಯಾಗಿ ಕಂಡಿಲ್ಲ, ಆದರೂ ಒಬ್ಬರ ಜೀವ ಇನ್ನೊಬ್ಬರು ಕಾದಿರುತ್ತೀರಿ. ಗುರುತಿಲ್ಲದವರ ನಡುವೆ ಇದಕ್ಕಿಂತ ಚಂದದ ಮಾತು ನಾನು ಬೇರೆಲ್ಲೂ ಕಂಡಿಲ್ಲ.

ಆ ಭಾಷೆ ಈಗ ಕೆಡುತ್ತಿದೆ. ನಮ್ಮ ಕಚೇರಿಯಲ್ಲಿ ಕರಡು ತಿದ್ದುವ ಹೆಣ್ಣುಮಗಳು ಸವಳಂಗ ರಸ್ತೆಯಲ್ಲಿ ಸ್ಕೂಟರ್‌ನಲ್ಲಿ ಬರುತ್ತಾರೆ. ಎರಡು ಸಲ ಕಾರಿನವರು ಹಿಂದೆ ಬಿದ್ದು ಲೈಟು ಹೊಡೆದು, ಹಾರ್ನ್ ಹಾಕಿ ಕಾಡಿದ್ದಾರೆ. ಒಂದು ಸಲ ಇವರು ಪೆಟ್ರೋಲ್ ಬಂಕಿಗೆ ನುಗ್ಗಿ, ಪೆಟ್ರೋಲ್ ಹಾಕುವ ಹುಡುಗನ ಪಕ್ಕ ನಿಂತು ಕಾದರಂತೆ. ಆಮೇಲೊಂದು ಸಂಜೆ ಒಬ್ಬ ಬೈಕಿನವನು ಹಿಂದಿನಿಂದ ಹಾರ್ನ್ ಹೊಡೆದ, ಕೈ ಬೀಸಿದ, ಕಾಲ ಕಡೆ ತೋರಿಸಿದ. ಇವರು ಹೆದರಿ ಸ್ಪೀಡ್ ಜಾಸ್ತಿ ಮಾಡಿದರು. ತಿರುವಿನಲ್ಲಿ ಸೈಡ್ ಸ್ಟ್ಯಾಂಡ್ ನೆಲಕ್ಕೆ ಬಡಿದು ಬಿದ್ದರು. ಪಾಪ, ಅವನು ಸ್ಟ್ಯಾಂಡ್ ತೆಗೆದಿಲ್ಲ ಎಂದು ಹೇಳಲು ಬಂದವನು. ಎತ್ತಿ ಕೂರಿಸಿದ್ದೂ ಅವನೇ. ಇವರ ಮೊಣಕೈ ಮೇಲಿನ ಕಲೆ ಇನ್ನೂ ಮಾಸಿಲ್ಲ.

ಕಾನೂನೂ ಗೊತ್ತಿರಲಿ. ಬೇಡ ಎಂದು ಹೆಣ್ಣು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸಿ ಮಾತಾಡಿಸಲು ಹೋಗುವುದು 2013ರಿಂದ ಅಪರಾಧ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿದೆ, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು. ಓದುವ ಹೆಣ್ಣುಮಕ್ಕಳಿಗೂ ಹೇಳುತ್ತೇನೆ, ಯಾರಾದರೂ ಹಿಂದೆ ಬಿದ್ದರೆ ಮನೆ ಕಡೆ ತಿರುಗಬೇಡಿ. ಜನ ಇರುವಲ್ಲಿ ನಿಲ್ಲಿಸಿ 112ಕ್ಕೆ ಕರೆ ಮಾಡಿ.

ತಪ್ಪೆಲ್ಲ ನಿಮ್ಮ ತಲೆಗೇ ಕಟ್ಟಲು ನನಗೆ ಮನಸ್ಸಿಲ್ಲ. ಒಬ್ಬ ಹುಡುಗ, ಒಬ್ಬ ಹುಡುಗಿ ನೆಮ್ಮದಿಯಾಗಿ ಕೂತು ಮಾತಾಡುವ ಜಾಗ ನಮ್ಮೂರುಗಳಲ್ಲಿ ಎಲ್ಲಿದೆ? ಪಾರ್ಕಿನಲ್ಲಿ ಕೂತರೆ ಯಾರೋ ಫೋನ್ ಎತ್ತಿ ಫೋಟೋ ಹೊಡೆಯುತ್ತಾರೆ. ಹೋಟೆಲಿನಲ್ಲಿ ಕೂತರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ. ಹಳ್ಳಿ ಕಡೆ ಬಸ್ಸು ಕಡಿಮೆಯಾದವು, ಕೈಯಲ್ಲಿ ಸ್ವಲ್ಪ ದುಡ್ಡಾದವರೆಲ್ಲ ಗಾಜು ಏರಿಸಿಕೊಂಡು ಒಬ್ಬೊಬ್ಬರೇ ಓಡಾಡುತ್ತಿದ್ದಾರೆ. ಮಾತಾಡುವ ಜಾಗವನ್ನೆಲ್ಲ ನಾವು ದೊಡ್ಡವರು ಕಿತ್ತುಕೊಂಡೆವು, ಮಕ್ಕಳು ರಸ್ತೆಯಲ್ಲಿ ಹುಡುಕುತ್ತಿದ್ದಾರೆ. ಇದನ್ನು ನಾನು ಹತ್ತು ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಮಂಡಗದ್ದೆಯಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ, ನೋಡಲು ಜನ ಗಾಡಿ ನಿಲ್ಲಿಸುತ್ತಾರೆ. ಯಾವತ್ತಾದರೂ ಆಕೆಯೂ ಅಲ್ಲಿ ನಿಂತಿದ್ದರೆ, ನಾಲ್ಕು ಜನರ ಎದುರಿಗೇ, ದೂರದಲ್ಲೇ ನಿಂತು ‘ಅವತ್ತು ತಪ್ಪಾಯ್ತು’ ಅನ್ನಿ. ನಂಬರ್ ಕೇಳಬೇಡಿ. ಮಾತಾಡಬೇಕು ಅನ್ನಿಸಿದರೆ ಆಕೆಯೇ ಮಾತಾಡುತ್ತಾಳೆ. ಇಲ್ಲದಿದ್ದರೆ ಆಕೆಯ ಕಾರು ಮೊದಲು ಹೊರಡಲಿ, ನೀವು ಹತ್ತು ನಿಮಿಷ ಹಕ್ಕಿ ನೋಡಿಕೊಂಡು ಆಮೇಲೆ ಹೊರಡಿ.