ಮಹಿಷಾಸುರ ಕೋಣನೋ, ಮನುಷ್ಯನೋ?

ನೀವು ಕೇಳಿದ್ದು ಇದು: ಬಾದಾಮಿಯ ಗುಹೆಯಲ್ಲಿ ಮಹಿಷಾಸುರ ಬರೀ ಕೋಣ. ಚಾಮುಂಡಿ ಬೆಟ್ಟದ ಮೇಲೆ ಮೀಸೆ ಬಿಟ್ಟ ಮನುಷ್ಯ. ಯಕ್ಷಗಾನದಲ್ಲಿ ಕೊಂಬಿನ ರಾಕ್ಷಸ. ಇದರಲ್ಲಿ ಸರಿಯಾದ ರೂಪ ಯಾವುದು?

ಎಲ್ಲವೂ ಸರಿಯೇ. ಯಾಕೆಂದರೆ ಕಥೆಯಲ್ಲೇ ಅವನು ಒಂದು ರೂಪದಲ್ಲಿ ನಿಲ್ಲುವುದಿಲ್ಲ. ಮಾರ್ಕಂಡೇಯ ಪುರಾಣದ ದೇವೀ ಮಾಹಾತ್ಮ್ಯೆಯನ್ನು ಓದಿ ನೋಡಿ. ಮೊದಲು ಕೋಣನಾಗಿ ನುಗ್ಗುತ್ತಾನೆ. ದೇವಿ ಪಾಶ ಹಾಕಿದ ಕೂಡಲೇ ಸಿಂಹವಾಗುತ್ತಾನೆ. ಅದರ ತಲೆ ಕತ್ತರಿಸುವಷ್ಟರಲ್ಲಿ ಕತ್ತಿ ಹಿಡಿದ ಮನುಷ್ಯ, ಆಮೇಲೆ ಆನೆ, ಮತ್ತೆ ಕೋಣ. ಕೊನೆಗೆ ದೇವಿ ಅವನ ಕುತ್ತಿಗೆಯ ಮೇಲೆ ಕಾಲಿಟ್ಟಾಗ, ಆ ಕೋಣದ ಬಾಯಿಂದಲೇ ಅರ್ಧ ಹೊರಗೆ ಬರುತ್ತಾನೆ. ಪೂರ್ತಿ ಬರುವ ಮೊದಲೇ ತಲೆ ಉರುಳುತ್ತದೆ.

ಈಗ ಶಿಲ್ಪಿಯ ಕಷ್ಟ ಯೋಚಿಸಿ. ಕಲ್ಲು ಅಲುಗಾಡುವುದಿಲ್ಲ. ಇಷ್ಟೆಲ್ಲ ರೂಪ ಬದಲಿಸುವವನ ಒಂದೇ ಒಂದು ಗಳಿಗೆಯನ್ನು ಅವನು ಆರಿಸಿಕೊಳ್ಳಬೇಕು. ಬಾದಾಮಿಯ 1ನೇ ಗುಹೆ 6ನೇ ಶತಮಾನದ್ದು. ಅಲ್ಲಿಯ ಶಿಲ್ಪಿ ಪ್ರಾಣಿಯನ್ನೇ ಆರಿಸಿಕೊಂಡ. ಆಮೇಲಿನ ಎಷ್ಟೋ ಶಿಲ್ಪಗಳಲ್ಲಿ, ಬಂಗಾಳದ ದುರ್ಗಾಪೂಜೆಯ ಮಣ್ಣಿನ ಮೂರ್ತಿಗಳಲ್ಲಿ, ಸತ್ತ ಕೋಣದ ಪಕ್ಕದಲ್ಲೋ ಅದರ ಕತ್ತಿನಿಂದಲೋ ಮನುಷ್ಯ ಎದ್ದು ಬರುತ್ತಾನೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಮಹಾಬಲಿಪುರದ್ದು. 7ನೇ ಶತಮಾನದಲ್ಲಿ ಪಲ್ಲವರು ಕೊರೆಸಿದ ಗುಹೆ. ಅಲ್ಲಿ ಇನ್ನೂ ಯಾರೂ ಗೆದ್ದಿಲ್ಲ. ದೇವಿ ಸಿಂಹದ ಮೇಲೆ ಕುಳಿತು ಬಿಲ್ಲು ಎಳೆದಿದ್ದಾಳೆ. ಎದುರಿಗೆ ಮಹಿಷ. ಮನುಷ್ಯನ ಮೈ, ಕೋಣದ ತಲೆ, ಕೈಯಲ್ಲಿ ಗದೆ. ಅವನ ಮೇಲೆ ಕೊಡೆ ಕೂಡ ಇದೆ, ಅವನೂ ರಾಜನೇ ಅಲ್ವಾ! ಮೈ ಸ್ವಲ್ಪ ಹಿಂದಕ್ಕೆ ವಾಲಿದೆ. ಸೋಲು ಬರುತ್ತಿದೆ ಅಂತ ಅವನ ಮೈಗೆ ಗೊತ್ತಾಗಿದೆ, ಮುಖಕ್ಕೆ ಇನ್ನೂ ಗೊತ್ತಾಗಿಲ್ಲ. ನಾನು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಚಾಮುಂಡಿ ಬೆಟ್ಟದ ಪ್ರತಿಮೆಯಲ್ಲಿ ಯುದ್ಧವೇ ಇಲ್ಲ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ಒಬ್ಬನೇ ನಿಂತಿದ್ದಾನೆ. ಮೈಸೂರಿಗೆ ಹೆಸರು ಬಂದದ್ದೇ ಮಹಿಷನಿಂದ ಅಂತ ಹೇಳುತ್ತಾರಲ್ಲ, ಅಲ್ಲಿ ಅವನು ಊರಿನ ಹಿರಿಯನ ಹಾಗೇ ಕಾಣುತ್ತಾನೆ.

ಇನ್ನು ಯಕ್ಷಗಾನ. ನಾನು ಹುಟ್ಟಿ ಬೆಳೆದದ್ದು ದಕ್ಷಿಣ ಕನ್ನಡದಲ್ಲಿ. ನಮ್ಮ ಕಡೆ ಹರಕೆಯ ಆಟ, ಅಂದರೆ ಹರಕೆ ಹೊತ್ತವರು ಆಡಿಸುವ ಯಕ್ಷಗಾನ, ಹೆಚ್ಚಾಗಿ ‘ದೇವಿ ಮಹಾತ್ಮೆ’. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಹಾಕುತ್ತಿದ್ದರು. ಏಳೆಂಟು ವರ್ಷದವನಿದ್ದಾಗ ದೊಡ್ಡಪ್ಪ ಒಮ್ಮೆ ನನ್ನನ್ನು ಚೌಕಿಗೆ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋದರು. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರ ಮಾಡುವವರು, ಕನ್ನಡಿ ಹಿಡಿದು ಕೂತು ಮುಖಕ್ಕೆ ಚಿಟ್ಟಿ ಇಡುತ್ತಿದ್ದರು. ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಹಿಟ್ಟಿನಿಂದ ಒಂದೊಂದೇ ಮುಳ್ಳು ಎಬ್ಬಿಸುವ ಕೆಲಸ ಅದು. ಗಂಟೆಗಟ್ಟಲೆ ಹಿಡಿಯುತ್ತದೆ. ಒಂದು ಸಾಲು ಒಣಗಬೇಕು, ಆಮೇಲೆ ಇನ್ನೊಂದು. ಅವರು ಮಾತಾಡಲಿಲ್ಲ, ನಗಲೂ ಇಲ್ಲ. ನಾನು ನೋಡನೋಡುತ್ತಿದ್ದ ಹಾಗೆ ಒಬ್ಬ ಮನುಷ್ಯನ ಮುಖ ಕಾಣೆಯಾಯಿತು.

ಆಮೇಲೆ ನಿದ್ದೆ ಬಂತು. ನಡುರಾತ್ರಿ ದೊಡ್ಡಮ್ಮ ಅಲ್ಲಾಡಿಸಿ ಎಬ್ಬಿಸಿದರು, "ಏಳು ಮಗಾ, ಮಹಿಷಾಸುರ ಬರ್ತಾನೆ."

ರಂಗಸ್ಥಳ ಖಾಲಿ. ಚೆಂಡೆ ಒಂದೇ ಸಮನೆ ಬಾರಿಸುತ್ತಿತ್ತು. ಎಲ್ಲರೂ ಹಿಂದೆ ತಿರುಗಿ ಕತ್ತಲೆ ನೋಡುತ್ತಿದ್ದರು. ದೂರದಲ್ಲಿ ಒಂದು ಅಟ್ಟಹಾಸ ಕೇಳಿತು. ಆಮೇಲೆ ದೊಂದಿಗಳು ಕಂಡವು. ರಾಳದ ಪುಡಿ ಎರಚಿದಾಗ ಬೆಂಕಿ ಭಗ್ ಅಂತ ಎದ್ದು, ಅದರ ನಡುವೆ ಎರಡು ಕೊಂಬು ಕಂಡು ಮತ್ತೆ ಕತ್ತಲಾಯಿತು. ಅವನು ನೇರವಾಗಿ ಬರಲಿಲ್ಲ. ನಾಲ್ಕು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ನೆಲ ಕೆರೆಯುವುದು, ತಲೆ ತಗ್ಗಿಸುವುದು, ಜನರ ಮೇಲೆ ನುಗ್ಗುವ ಹಾಗೆ ಬಂದು ನಿಲ್ಲುವುದು. ನನ್ನ ಪಕ್ಕದಲ್ಲೇ ಹಾದು ಹೋದಾಗ ರಾಳದ ವಾಸನೆಯ ಜೊತೆ ಬೆವರಿನ ವಾಸನೆಯೂ ಬಂತು. ಚೌಕಿಯಲ್ಲಿ ಕಂಡವರೇ ಇವರು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ದೊಡ್ಡಮ್ಮನ ಸೆರಗಿನೊಳಗೆ ಮುಖ ಮುಚ್ಚಿಕೊಂಡೆ.

ಕೋಣನೋ ಮನುಷ್ಯನೋ ಅನ್ನುವ ನಿಮ್ಮ ಪ್ರಶ್ನೆಗೆ ಆಟ ಬೇರೆಯೇ ದಾರಿ ಹುಡುಕಿದೆ. ಕಲ್ಲಿಗಿಲ್ಲದ ಸಮಯ ಅದಕ್ಕಿದೆ. ಕತ್ತಲೆಯಲ್ಲಿ ಅವನು ಪೂರ್ತಿ ಕೋಣ. ರಂಗಸ್ಥಳ ಹತ್ತಿ ತಾಯಿ ಮಾಲಿನಿಯ ಎದುರು ನಿಂತು, ಅವಳ ದುಃಖಕ್ಕೆ ಕಾರಣ ಕೇಳುವಾಗ ಮಗ. ಆ ಅರ್ಥಗಾರಿಕೆ (ಪಾತ್ರಧಾರಿ ಆಡುವ ಮಾತು) ಚೆನ್ನಾಗಿ ಬಂದ ರಾತ್ರಿ ಅವನ ಮೇಲೆ ನಿಜವಾಗಿಯೂ ಕನಿಕರ ಹುಟ್ಟುತ್ತದೆ. ದೇವಿಯ ಎದುರು ಮತ್ತೆ ಪ್ರಾಣಿ. ವೇಷ ಬದಲಿಸದೆ, ಬರೀ ಮೈ ಮತ್ತು ದನಿಯಿಂದ ಇದನ್ನೆಲ್ಲ ಮಾಡುತ್ತಾರೆ.

ಸಿನಿಮಾದ ಗ್ರಾಫಿಕ್ಸ್‌ನಲ್ಲಿ ಇದೇ ರೂಪಾಂತರವನ್ನು ಕೂದಲು ಕೂದಲಾಗಿ ತೋರಿಸಬಹುದು. ಅದೂ ಕಷ್ಟದ ಕೆಲಸವೇ. ಆದರೆ ನನಗೆ ಅಲ್ಲಿ ಹೆದರಿಕೆ ಆಗುವುದಿಲ್ಲ. ಎಲ್ಲವನ್ನೂ ಅವರೇ ತೋರಿಸಿಬಿಟ್ಟರೆ ನನ್ನ ಕಣ್ಣಿಗೆ ಕೆಲಸ ಉಳಿಯುವುದಿಲ್ಲ. ಆ ಗದ್ದೆಯಲ್ಲಿ ಎರಡು ಬೆಂಕಿಗಳ ನಡುವಿನ ಕತ್ತಲೆಯಲ್ಲಿ ಕೋಣವನ್ನು ಮಾಡಿಕೊಂಡದ್ದು ನಾನೇ.

ಒಮ್ಮೆ ನೋಡಬೇಕು ಅನ್ನಿಸಿದರೆ ನವೆಂಬರ್‌ನಿಂದ ಮೇ ತಿಂಗಳೊಳಗೆ ಕರಾವಳಿಗೆ ಬನ್ನಿ. ಕಟೀಲು ದೇವಸ್ಥಾನದ ಯಕ್ಷಗಾನ ಮೇಳಗಳ ಹರಕೆ ಆಟ ಎಲ್ಲಾದರೂ ಇದ್ದೇ ಇರುತ್ತದೆ, ಟಿಕೆಟ್ ಇಲ್ಲ. ಬೇಗ ಹೋಗಿ, ಚೌಕಿಯಲ್ಲಿ ಅವರಿಗೆ ತೊಂದರೆ ಆಗದ ಹಾಗೆ ಒಂದು ಬದಿಗೆ ಸುಮ್ನೆ ನಿಂತು ಚಿಟ್ಟಿ ಇಡುವುದನ್ನು ನೋಡಿ. ಆಮೇಲೆ ಮುಂದಿನ ಸಾಲಿನ ಆಸೆ ಬಿಟ್ಟು, ಹಿಂದುಗಡೆ ದಾರಿಯ ಪಕ್ಕದಲ್ಲಿ ಕೂತುಕೊಳ್ಳಿ. ಅವನು ಬರುವುದು ಆ ಕಡೆಯಿಂದ.