ಓದುಗರ ಪ್ರಶ್ನೆ: ಅಧ್ಯಕ್ಷರನ್ನು ನಾವೇ ಆರಿಸಿದರೆ ಸಾಕೇ?

ಪಂಚಾಯತು ಅಧ್ಯಕ್ಷ, ನಗರಸಭಾಧ್ಯಕ್ಷ, ಮೇಯರ್ ಇವರನ್ನು ಜನರೇ ನೇರವಾಗಿ ಆರಿಸಬೇಕು, ಅವರ ಕೈಗೆ ನಿಜವಾದ ಅಧಿಕಾರವನ್ನೂ ಕೊಡಬೇಕು ಎಂಬ ವಿಚಾರದ ಬಗ್ಗೆ ಕೇರಳದ ಕಾಸರಗೋಡು, ತಮಿಳುನಾಡಿನ ತಾಳವಾಡಿ, ಮಹಾರಾಷ್ಟ್ರದ ಅಕ್ಕಲಕೋಟೆ ಮತ್ತು ಜತ್ತ, ಆಂಧ್ರದ ಮಡಕಶಿರದ ಓದುಗರು ಬರೆದಿದ್ದಾರೆ. ಭಾಷೆ ಒಂದೇ ಆದರೂ ನಾಲ್ಕು ರಾಜ್ಯಗಳ ನಾಲ್ಕು ಕಾನೂನು. ಹಾಗಾಗಿ ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರ ಊರಿಗೆ ಹಾಗೆಯೇ ಹೊಂದುವುದಿಲ್ಲ.

ಯಾವ ರಂಗಕ್ಕೂ ಬಹುಮತ ಇಲ್ಲದ ಪಂಚಾಯತಿನಲ್ಲಿ ಅಧ್ಯಕ್ಷರು ಗೆದ್ದು ಆರು ತಿಂಗಳಾಗುವಷ್ಟರಲ್ಲಿ ಅವಿಶ್ವಾಸದ ಮಾತು ಶುರುವಾಗುತ್ತದೆ. ಗೆದ್ದವರು ಇಷ್ಟು ಬೇಗ ಸೋಲುವುದು ಹೇಗೆ? ನೇರ ಆಯ್ಕೆ ಬಂದರೆ ಇದು ನಿಲ್ಲುತ್ತದೆಯೇ? (ಬದಿಯಡ್ಕ)

ಕೇರಳದಲ್ಲಿ ಪಂಚಾಯತು ಅಧ್ಯಕ್ಷರನ್ನು ಆರಿಸುವವರು ಸದಸ್ಯರು, ಹಾಗಾಗಿ ಇದು ಲೆಕ್ಕದ ವಿಷಯ. 15 ಸದಸ್ಯರ ಒಂದು ಪಂಚಾಯತು ಇದೆ ಎಂದುಕೊಳ್ಳಿ. ಒಂದು ರಂಗಕ್ಕೆ 7, ಇನ್ನೊಂದಕ್ಕೆ 5, ಮೂರನೆಯದಕ್ಕೆ 3. ಮೂವರೂ ಅಭ್ಯರ್ಥಿ ನಿಲ್ಲಿಸಿದರೆ ಮೊದಲ ಸುತ್ತಿನಲ್ಲಿ 7 ಮತ ಪಡೆದವರು ಗೆದ್ದಂತಲ್ಲ. ಉಳಿದಿಬ್ಬರ ಮತ ಕೂಡಿಸಿದರೆ 8 ಆಗುತ್ತದೆ. ಅತಿ ಕಡಿಮೆ ಮತ ಬಿದ್ದವರನ್ನು ಬಿಟ್ಟು ಮತ್ತೆ ಮತದಾನ ನಡೆಯುತ್ತದೆ. ಆಗ ಆ ಮೂವರು ಯಾರಿಗೂ ಮತ ಹಾಕದೆ ಕುಳಿತರೆ 7ಕ್ಕೆ 5ರ ಲೆಕ್ಕದಲ್ಲಿ ಮೊದಲನೆಯವರು ಗೆಲ್ಲುತ್ತಾರೆ. ಮತಗಳು ಸಮ ಬಂದರೆ ಚೀಟಿ ಎತ್ತುವುದು.

ಕೆಳಗಿಳಿಸುವ ಲೆಕ್ಕ ಬೇರೆ. ಅವಿಶ್ವಾಸದ ನೋಟೀಸಿಗೆ ಒಟ್ಟು ಸದಸ್ಯರ ಮೂರನೇ ಒಂದಂಶದ ಸಹಿ ಸಾಕು, ಇಲ್ಲಿ 5. ಸಹಿ ಹಾಕಿದವರಲ್ಲಿ ಇಬ್ಬರು ಖುದ್ದಾಗಿ ಹೋಗಿ, ರಾಜ್ಯ ಚುನಾವಣಾ ಆಯೋಗ ನಿಯೋಜಿಸಿದ ಅಧಿಕಾರಿಯ ಕೈಗೆ ಅದನ್ನು ಕೊಡಬೇಕು. ಸಭೆಯಲ್ಲಿ ಚರ್ಚೆಗೆ ಹೆಚ್ಚೆಂದರೆ 3 ಗಂಟೆ. ಗೊತ್ತುವಳಿ ಅಂಗೀಕಾರವಾಗಲು ಹಾಜರಿದ್ದವರ ಬಹುಮತ ಸಾಲದು, ಒಟ್ಟು ಸದಸ್ಯರ ಬಹುಮತ, ಅಂದರೆ 8 ಮತ ಬೇಕು. 5ಕ್ಕೆ 3 ಕೂಡಿದರೆ ಸರಿಯಾಗಿ 8! ಅಧಿಕಾರ ವಹಿಸಿ ಆರು ತಿಂಗಳು ಆಗುವ ತನಕ ನೋಟೀಸು ಕೊಡುವಂತಿಲ್ಲ. ಗೊತ್ತುವಳಿ ಬಿದ್ದುಹೋದರೂ ಮುಂದಿನದಕ್ಕೆ ಮತ್ತೆ ಆರು ತಿಂಗಳು ಕಾಯಬೇಕು. ನೀವು ಹೇಳುವ ಆ 'ಆರು ತಿಂಗಳು' ಬರುವುದು ಇಲ್ಲಿಂದ.

ಇಳಿಸುವುದಕ್ಕೆ ಕೈಜೋಡಿಸಿದ ಎರಡು ರಂಗಗಳು ಹೊಸ ಅಧ್ಯಕ್ಷರನ್ನು ಆರಿಸುವಾಗಲೂ ಜೊತೆಗಿರುತ್ತವೆ ಎಂಬ ಖಾತ್ರಿ ಇಲ್ಲ. ಎಡರಂಗ (ಸಿಪಿಎಂ ನೇತೃತ್ವದ್ದು), ಐಕ್ಯರಂಗ (ಕಾಂಗ್ರೆಸ್ ನೇತೃತ್ವದ್ದು), ಬಿಜೆಪಿ ಮೂರಕ್ಕೂ ಬಲವಿರುವ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಪರಸ್ಪರ ಬೆಂಬಲಿಸಿದರೆ ರಾಜ್ಯಮಟ್ಟದಲ್ಲಿ ಉತ್ತರ ಹೇಳಬೇಕಾಗುತ್ತದೆ. ಆದ್ದರಿಂದ ಇಳಿಸಿದ ಮೇಲೆ ಅದೇ 7 ಮತದಿಂದ ಅದೇ ಅಧ್ಯಕ್ಷರು ಮರಳಿ ಬರುವುದೂ ಸಾಧ್ಯ. ಸದಸ್ಯರು ತಮ್ಮಷ್ಟಕ್ಕೇ ತೀರ್ಮಾನಿಸುವಂತೆಯೂ ಇಲ್ಲ. ಮತದಾನ ತೆರೆದ ಚೀಟಿಯಲ್ಲಿ, ಹಿಂಬದಿಯಲ್ಲಿ ಹೆಸರು ಬರೆದು ಸಹಿ ಹಾಕಬೇಕು. ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆಜ್ಞೆ) ಮೀರಿದರೆ 1999ರ ಪಕ್ಷಾಂತರ ನಿಷೇಧ ಕಾನೂನಿನಂತೆ ಸದಸ್ಯತ್ವ ಹೋಗುತ್ತದೆ, ಆರು ವರ್ಷ ಸ್ಪರ್ಧಿಸುವಂತಿಲ್ಲ.

ನೇರ ಆಯ್ಕೆ ಬಂದರೆ ಅಧ್ಯಕ್ಷರ ಕುರ್ಚಿ ಗಟ್ಟಿಯಾಗುತ್ತದೆ, ಅಷ್ಟು ನಿಜ. ಆದರೆ ಆ 8 ಮಂದಿ ಸಭೆಯಲ್ಲಿ ಹಾಗೆಯೇ ಇರುತ್ತಾರೆ. ಬಜೆಟ್ ಅಂಗೀಕರಿಸುವವರು ಅವರು, ಸ್ಥಾಯಿ ಸಮಿತಿಗಳನ್ನು ಆರಿಸುವವರೂ ಅವರೇ. ಶಿಮ್ಲಾದಲ್ಲಿ 2012ರಲ್ಲಿ ಜನ ನೇರವಾಗಿ ಸಿಪಿಎಂ ಮೇಯರನ್ನು ಆರಿಸಿದರು, ಸಭೆಯಲ್ಲಿ ಅತಿ ಹೆಚ್ಚು ಸ್ಥಾನ ಬಂದದ್ದು ಬಿಜೆಪಿಗೆ. ಆ ಅವಧಿ ಮುಗಿದ ಮೇಲೆ ಹಿಮಾಚಲ ಪರೋಕ್ಷ ಆಯ್ಕೆಗೆ ಮರಳಿತು. ಮೂರು ರಂಗಗಳ ಜಗಳ ಇರುವ ನಮ್ಮ ಜಿಲ್ಲೆಯಲ್ಲಿ ಅಂಥ ಬಿಕ್ಕಟ್ಟಿಗೆ ದಾರಿ ಇನ್ನೂ ಅಗಲ. ಬಜೆಟ್ ಬಿದ್ದುಹೋದರೆ ಮುಂದೇನು ಎಂದು ಕಾನೂನಿನಲ್ಲೇ ಬರೆದಿಡದೆ ನೇರ ಆಯ್ಕೆ ತರಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೀಸಲಾತಿ ಬಂದಾಗ ಬಹುಮತ ಇದ್ದ ಪಕ್ಷ ವಿರೋಧ ಪಕ್ಷದಲ್ಲಿ ಕುಳಿತದ್ದನ್ನು ಕೇಳಿದ್ದೇವೆ. ಇದೇನು? (ಕುಂಬಳೆ)

ಕೇರಳದಲ್ಲಿ ಅಧ್ಯಕ್ಷ ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಜನಸಂಖ್ಯೆಯ ಪ್ರಮಾಣದಲ್ಲಿ ಬೇರೆ. ಇವು ಚುನಾವಣೆಯಿಂದ ಚುನಾವಣೆಗೆ ಸುತ್ತುತ್ತವೆ. ಸ್ಥಾನ ಪರಿಶಿಷ್ಟ ಪಂಗಡದ ಮಹಿಳೆಗೆ ಮೀಸಲಾಗಿ, ಬಹುಮತದ ಪಕ್ಷದಲ್ಲಿ ಅಂಥ ಸದಸ್ಯೆ ಒಬ್ಬರೂ ಗೆದ್ದಿಲ್ಲವಾದರೆ, ಎದುರು ಪಕ್ಷದ ಒಬ್ಬರೇ ಸದಸ್ಯೆ ಸ್ಪರ್ಧೆಯಿಲ್ಲದೆ ಅಧ್ಯಕ್ಷೆಯಾಗುತ್ತಾರೆ. ಐದು ವರ್ಷ ಅವರ ಪ್ರತಿ ಪ್ರಸ್ತಾವವೂ ಸಭೆಯಲ್ಲಿ ಸೋಲುತ್ತಾ ಹೋಗಬಹುದು. ಎಲ್ಲಕ್ಕಿಂತ ದುಃಖದ ಸಂಗತಿ ಇದು. ಮೀಸಲಾತಿ ಕೊಟ್ಟ ಕುರ್ಚಿ ಬಲವಿಲ್ಲದ ಕುರ್ಚಿಯಾಗಿಬಿಡುತ್ತದೆ. ನೇರ ಆಯ್ಕೆಯಲ್ಲಿ ಎಲ್ಲ ಪಕ್ಷಗಳೂ ಆ ವರ್ಗದ ಅಭ್ಯರ್ಥಿಯನ್ನೇ ಇಡೀ ಪಂಚಾಯತಿನ ಮುಂದೆ ನಿಲ್ಲಿಸಬೇಕಾಗುತ್ತದೆ, ಗೆದ್ದವರಿಗೆ ಊರಿನ ಮತದ ಬೆನ್ನು ಇರುತ್ತದೆ. ನೇರ ಆಯ್ಕೆಯ ಪರವಾಗಿ ಇರುವ ವಾದಗಳಲ್ಲಿ ನಮಗೆ ಅತ್ಯಂತ ಬಲವಾದದ್ದು ಎನ್ನಿಸುವುದು ಇದೇ, ಚರ್ಚೆಗೆ ಅತಿ ಕಡಿಮೆ ಬರುವುದೂ ಇದೇ.

ಕೇರಳ ಸರಕಾರ ಮನಸ್ಸು ಮಾಡಿದರೆ ಗ್ರಾಮ, ಬ್ಲಾಕ್, ಜಿಲ್ಲೆ ಎಲ್ಲ ಪಂಚಾಯತು ಅಧ್ಯಕ್ಷರನ್ನೂ ನೇರವಾಗಿ ಆರಿಸುವಂತೆ ಮಾಡಬಹುದೇ? (ಮಂಜೇಶ್ವರ)

ಎಲ್ಲರನ್ನೂ ಅಲ್ಲ. ಸಂವಿಧಾನದ 243ಸಿ ವಿಧಿಯ ಪ್ರಕಾರ ಗ್ರಾಮ ಪಂಚಾಯತು ಅಧ್ಯಕ್ಷರ ಆಯ್ಕೆಯ ಕ್ರಮ ರಾಜ್ಯಕ್ಕೆ ಬಿಟ್ಟದ್ದು. ನಗರಸಭೆ, ಮಹಾನಗರಪಾಲಿಕೆಗಳಿಗೂ 243ಆರ್ ವಿಧಿ ಅದೇ ಸ್ವಾತಂತ್ರ್ಯ ಕೊಡುತ್ತದೆ. ಬ್ಲಾಕ್ ಮತ್ತು ಜಿಲ್ಲಾ ಪಂಚಾಯತಿನ ಅಧ್ಯಕ್ಷರನ್ನು ಮಾತ್ರ ಚುನಾಯಿತ ಸದಸ್ಯರು ತಮ್ಮೊಳಗಿಂದಲೇ ಆರಿಸಬೇಕೆಂದು ಸಂವಿಧಾನವೇ ಹೇಳಿದೆ. ಅದನ್ನು ಬದಲಿಸಲು ಸಂಸತ್ತೇ ತಿದ್ದುಪಡಿ ತರಬೇಕು.

ಕಾಸರಗೋಡು ಜಿಲ್ಲೆಯಲ್ಲಿ ಮಹಾನಗರಪಾಲಿಕೆ ಇಲ್ಲ, ಹಾಗಾಗಿ ಮೇಯರೂ ಇಲ್ಲ. ಇರುವುದು ಕಾಸರಗೋಡು, ಕಾಞಂಗಾಡು, ನೀಲೇಶ್ವರ ಎಂಬ ಮೂರು ನಗರಸಭೆ, 38 ಗ್ರಾಮ ಪಂಚಾಯತು. ವಿಧಾನಸಭೆ ಕೈಹಾಕಬಹುದಾದದ್ದು ಈ 41ರ ಮೇಲೆ. ಗ್ರಾಮದ ಮತದಾರರು ಈಗಾಗಲೇ ಒಂದೇ ದಿನ ಮೂರು ಮತ ಹಾಕುತ್ತಾರೆ, ಯಂತ್ರದ ಮೇಲೆ ಗ್ರಾಮಕ್ಕೆ ಬಿಳಿ, ಬ್ಲಾಕಿಗೆ ಗುಲಾಬಿ, ಜಿಲ್ಲೆಗೆ ನೀಲಿ. ಅಧ್ಯಕ್ಷರಿಗೆಂದು ನಾಲ್ಕನೆಯದು ಸೇರುತ್ತದೆ. ಆಗದ ಕೆಲಸವೇನಲ್ಲ. ಒಂದು ವಾರ್ಡಿನ ಬದಲು ಇಡೀ ಪಂಚಾಯತು ಸುತ್ತಬೇಕಾದ ಅಭ್ಯರ್ಥಿಯ ಖರ್ಚು ಮಾತ್ರ ಹಲವು ಪಟ್ಟು ಏರುತ್ತದೆ, ಹಣ ಇಲ್ಲದವರು ಹಿಂದೆ ಬೀಳುತ್ತಾರೆ.

ನಮ್ಮಲ್ಲಿ ಪಂಚಾಯತು ಅಧ್ಯಕ್ಷರನ್ನು ಜನರೇ ಆರಿಸುತ್ತೇವೆ. ಆದರೂ ಬಿಲ್ಲು ಪಾವತಿಯಾಗದೆ ಕೆಲಸ ನಿಂತಿದೆ, ಉಪಾಧ್ಯಕ್ಷರು ಸಹಿ ಹಾಕುತ್ತಿಲ್ಲ ಎನ್ನುತ್ತಾರೆ. (ತಾಳವಾಡಿ)

ನೇರ ಆಯ್ಕೆಯಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಈ ಪತ್ರವನ್ನು ಓದಬೇಕು. ತಮಿಳುನಾಡಿನಲ್ಲಿ ಗ್ರಾಮ ಪಂಚಾಯತು ಅಧ್ಯಕ್ಷರು ಜನರ ನೇರ ಮತದಿಂದ ಬರುತ್ತಾರೆ, ಉಪಾಧ್ಯಕ್ಷರನ್ನು ವಾರ್ಡು ಸದಸ್ಯರು ಆರಿಸುತ್ತಾರೆ. 1994ರ ತಮಿಳುನಾಡು ಪಂಚಾಯತು ಕಾನೂನಿನಂತೆ ಹಣ ತೆಗೆಯಲು ಇಬ್ಬರ ಜಂಟಿ ಸಹಿ ಬೇಕು. ಅಧ್ಯಕ್ಷರು ಒಂದು ಬಣ, ಉಪಾಧ್ಯಕ್ಷರು ಇನ್ನೊಂದು ಬಣ ಆದರೆ ಬೀಗದ ಎರಡು ಕೀಲಿ ಇಬ್ಬರ ಸೊಂಟದಲ್ಲಿ ಇದ್ದಂತೆ. ಮೀಸಲು ಸ್ಥಾನದಿಂದ ಗೆದ್ದ ದಲಿತ ಅಧ್ಯಕ್ಷರನ್ನು ಕಟ್ಟಿಹಾಕಲು ಈ ಎರಡನೇ ಸಹಿಯನ್ನೇ ಬಳಸಿದ ದೂರುಗಳು ಆ ರಾಜ್ಯದಲ್ಲಿ ಪದೇಪದೇ ಬಂದಿವೆ.

ನೀವು ಮಾಡಬೇಕಾದದ್ದು ಇಷ್ಟು. ಆ ಖರ್ಚಿಗೆ ಒಪ್ಪಿಗೆ ಕೊಟ್ಟ ಪಂಚಾಯತು ಸಭೆಯ ನಿರ್ಣಯದ ಸಂಖ್ಯೆ ಮತ್ತು ದಿನಾಂಕ ಬರೆದಿಟ್ಟುಕೊಳ್ಳಿ. ನಿರ್ಣಯವೇ ಇಲ್ಲದಿದ್ದರೆ ಉಪಾಧ್ಯಕ್ಷರು ಸಹಿ ಹಾಕದಿರುವುದು ತಪ್ಪಲ್ಲ, ಅನೇಕ ದೂರುಗಳು ಬಿದ್ದುಹೋಗುವುದು ಇಲ್ಲೇ. ನಿರ್ಣಯ ಇದ್ದರೆ ಅಧ್ಯಕ್ಷರು ಬ್ಲಾಕ್ ಅಭಿವೃದ್ಧಿ ಅಧಿಕಾರಿಗೆ ಮತ್ತು ಪಂಚಾಯತುಗಳ ತಪಾಸಕರೂ ಆಗಿರುವ ಈರೋಡು ಜಿಲ್ಲಾಧಿಕಾರಿಗೆ ಪ್ರತಿ ಲಗತ್ತಿಸಿ ಬರೆಯಲಿ. ಅದೇ ಕಾನೂನಿನ 205ನೇ ಕಲಮಿನಂತೆ ನೀವು ಆರಿಸಿದ ಅಧ್ಯಕ್ಷರನ್ನು ತೆಗೆಯುವ ಅಧಿಕಾರವೂ ಜಿಲ್ಲಾಧಿಕಾರಿಗೇ ಇದೆ. ನೋಟೀಸು, ವಿವರಣೆ, ತಹಶೀಲ್ದಾರರು ಕರೆಯುವ ಸಭೆಯಲ್ಲಿ ಸದಸ್ಯರ ಅಭಿಪ್ರಾಯ, ಆಮೇಲೆ ಆದೇಶ. ಮತ ಹಾಕಿದ ಜನರನ್ನು ಯಾರೂ ಕೇಳುವುದಿಲ್ಲ. ನೇರವಾಗಿ ಆರಿಸಿದವರನ್ನು ತೆಗೆಯುವವರು ಯಾರು ಎಂಬ ಮಡಕಶಿರದವರ ಪ್ರಶ್ನೆಗೂ ಇದೇ ಉತ್ತರ ಸ್ವಲ್ಪ ಮಟ್ಟಿಗೆ ಹೊಂದುತ್ತದೆ: ಆಂಧ್ರದಲ್ಲಿ ಸರಪಂಚರು (ಗ್ರಾಮ ಪಂಚಾಯತು ಅಧ್ಯಕ್ಷರು) ನೇರವಾಗಿ ಬರುತ್ತಾರೆ, ತೆಗೆಯುವ ಅಧಿಕಾರ ಜಿಲ್ಲಾಧಿಕಾರಿಯದ್ದು.

ನಮ್ಮ ನಗರಾಧ್ಯಕ್ಷರನ್ನು ಒಮ್ಮೆ ನಾವು ಆರಿಸುತ್ತೇವೆ, ಒಮ್ಮೆ ನಗರಸೇವಕರು (ವಾರ್ಡು ಸದಸ್ಯರು) ಆರಿಸುತ್ತಾರೆ. ಯಾಕೆ ಹೀಗೆ? (ಅಕ್ಕಲಕೋಟೆ)

ಸರಕಾರ ಬದಲಾದಂತೆ ಪದ್ಧತಿ ಬದಲಾಗಿದೆ. ಮಹಾರಾಷ್ಟ್ರ 2016ರಲ್ಲಿ ನಗರಪರಿಷತ್ತಿನ ಅಧ್ಯಕ್ಷರಿಗೆ ನೇರ ಚುನಾವಣೆ ತಂದಿತು, 2020ರಲ್ಲಿ ತೆಗೆಯಿತು, 2022ರಲ್ಲಿ ಮರಳಿ ತಂದಿತು. ಸರಪಂಚರದ್ದು 2017, 2020, 2022. ತಮಿಳುನಾಡಿನ ಮೇಯರುಗಳ ಕಥೆಯೂ ಬೇರೆಯಲ್ಲ: 1996ರಲ್ಲಿ ನೇರ, 2006ರಲ್ಲಿ ಪರೋಕ್ಷ, 2011ರಲ್ಲಿ ನೇರ, 2022ರಲ್ಲಿ ಪರೋಕ್ಷ. ಆಳುವ ಪಕ್ಷಕ್ಕೆ ಯಾವುದು ಅನುಕೂಲವೋ ಅದು ಆ ಸಲದ ಕಾನೂನು. ಇದು ಮತದಾರರಿಗೆ ಮಾಡಿದ ಅನ್ಯಾಯ.

ಅಧಿಕಾರದ ಮಾತಿಗೆ ಬಂದರೆ ನಿಮ್ಮ ಜಿಲ್ಲೆಯ ಸೊಲ್ಲಾಪುರವನ್ನೇ ನೋಡಿ. ಅಲ್ಲಿನ ಮೇಯರ್ ಎರಡೂವರೆ ವರ್ಷದವರು, ಪಾಲಿಕೆಯ ಆಡಳಿತ ನಡೆಸುವವರು ಸರಕಾರ ಕಳಿಸಿದ ಆಯುಕ್ತರು. ಅಕ್ಕಲಕೋಟೆಯಲ್ಲಿ ಆ ಜಾಗದಲ್ಲಿ ಮುಖ್ಯಾಧಿಕಾರಿ. ನೇರವಾಗಿ ಗೆದ್ದ ಅಧ್ಯಕ್ಷರಿಗೂ ಆ ಅಧಿಕಾರಿಯ ವರ್ಗಾವಣೆಯ ಮೇಲೆ ಹಿಡಿತ ಇಲ್ಲ.

ಜತ್ತದ ಓದುಗರಿಗೆ ಒಂದು ಮಾತು. ನೇರವಾಗಿ ಗೆದ್ದ ಸರಪಂಚರನ್ನು ಇಳಿಸಲು ನಿಮ್ಮಲ್ಲಿ ಸದಸ್ಯರ ನಾಲ್ಕನೇ ಮೂರಂಶ ಮತ ಬೇಕು, ಆಮೇಲೆ ಗ್ರಾಮಸಭೆ ಗುಪ್ತ ಮತದಾನದಲ್ಲಿ ಅದನ್ನು ಒಪ್ಪಬೇಕು. ಆರಿಸಿದವರೇ ಇಳಿಸುವ ಈ ಕ್ರಮ ನಾಲ್ಕು ರಾಜ್ಯಗಳಲ್ಲಿ ನಮಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಕೇರಳ ಮುಂದೆ ಕಾನೂನು ಮಾಡುವುದಾದರೆ ಇದನ್ನು ಎತ್ತಿಕೊಳ್ಳಲಿ.

ಹಾಗಾದರೆ 'ನಿಜವಾದ ಅಧಿಕಾರ' ಎಂದರೆ ಯಾವುದು? ನೆರೆಯ ಮಂಗಳೂರಿನ ಮೇಯರಿಗೆ ಅದು ಇದೆಯೇ? (ಕಾಸರಗೋಡು)

ಮಂಗಳೂರಿನ ಮೇಯರ್ ಒಂದೇ ವರ್ಷದವರು, ಕಡತ ತಿಳಿಯುವಷ್ಟರಲ್ಲಿ ಅವಧಿ ಮುಗಿಯುತ್ತದೆ. ಕೇರಳದ ಅಧ್ಯಕ್ಷರ ಸ್ಥಿತಿ ಅದಕ್ಕಿಂತ ಮೇಲು. ಅವಧಿ ಐದು ವರ್ಷ, ಕಾರ್ಯನಿರ್ವಹಣೆಯ ಅಧಿಕಾರ ಕಾನೂನಿನಲ್ಲೇ ಉಂಟು. 1996ರ ಜನಕೀಯ ಯೋಜನೆಯ (ಊರಿನ ಯೋಜನೆಯನ್ನು ಊರಿನವರೇ ರೂಪಿಸುವ ಕ್ರಮ) ಕಾಲದಲ್ಲಿ ರಾಜ್ಯ ತನ್ನ ಯೋಜನಾ ಹಣದ 35ರಿಂದ 40 ಶೇಕಡಾ ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ದೇಶದಲ್ಲಿ ಇದು ದೊಡ್ಡ ಹೆಜ್ಜೆ. ಕೊರತೆ ಇರುವುದು ಬೇರೆ ಕಡೆ. ಕಟ್ಟಡ ಪರವಾನಗಿ ಕೊಡುವವರು ಕಾರ್ಯದರ್ಶಿ, ಅವರು ಸರಕಾರದ ನೌಕರ. ನೇಮಕ, ವರ್ಗಾವಣೆ ತಿರುವನಂತಪುರದ ಕೈಯಲ್ಲಿ. ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷತೆ ಉಪಾಧ್ಯಕ್ಷರದ್ದು. ಯೋಜನೆಗಳಿಗೆ ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ ಬೇಕು.

ಆದ್ದರಿಂದ ಯಾರಾದರೂ 'ನೇರ ಆಯ್ಕೆ' ಎಂದಾಗ ಇಷ್ಟನ್ನು ಕೇಳಿ: ಕಾರ್ಯದರ್ಶಿ ಯಾರಿಗೆ ಉತ್ತರ ಹೇಳುತ್ತಾರೆ? ಸ್ಥಾಯಿ ಸಮಿತಿ ತಡೆದ ಕಡತಕ್ಕೆ ಎಷ್ಟು ದಿನದ ಮಿತಿ? ಸಭೆ ಬಜೆಟನ್ನು ತಿರಸ್ಕರಿಸಿದರೆ ಸಂಬಳ, ಕುಡಿಯುವ ನೀರು, ಬೀದಿದೀಪದ ಖರ್ಚು ಯಾವ ಆಧಾರದ ಮೇಲೆ ನಡೆಯುತ್ತದೆ? ಇವಕ್ಕೆ ಉತ್ತರವಿಲ್ಲದ ಮಸೂದೆ ಬರಿಯ ಚುನಾವಣೆಯ ಮಸೂದೆ.

ಇಡೀ ಊರಿನ ಮತದಿಂದ ಅಧ್ಯಕ್ಷರು ಬಂದರೆ ಕನ್ನಡಿಗರ ಮಾತಿಗೆ ಬೆಲೆ ಉಳಿಯುತ್ತದೆಯೇ? (ಎಣ್ಮಕಜೆ)

ಕನ್ನಡ, ತುಳು ಮನೆಮಾತಿನವರು ಒಟ್ಟಾಗಿರುವ ಉತ್ತರದ ಪಂಚಾಯತುಗಳಲ್ಲಿ ನಷ್ಟ ಕಾಣುವುದಿಲ್ಲ. ಕಾಸರಗೋಡು ನಗರಸಭೆಯಂಥ ಕಡೆ ಕನ್ನಡಿಗರ ವಾರ್ಡು ಸದಸ್ಯರಿಗೆ ಅಧ್ಯಕ್ಷರ ಆಯ್ಕೆಯ ಹೊತ್ತಿಗೆ ಈಗ ಇರುವ ಚೌಕಾಸಿಯ ಬಲ ಹೋಗುತ್ತದೆ. ಬದಲಿಗೆ ಅಭ್ಯರ್ಥಿಗಳೆಲ್ಲ ಕನ್ನಡದ ಮನೆಗಳಿಗೂ ಬಂದು ಮತ ಕೇಳಬೇಕಾಗುತ್ತದೆ. ಯಾವುದು ಹೆಚ್ಚು ತೂಗುತ್ತದೆ ಎಂಬುದು ಆ ಊರಿನ ಮತದಾರರ ಪಟ್ಟಿಯ ಮೇಲಿದೆ.

ಈ ಬೇಡಿಕೆಯನ್ನು ನಾವು ಎಲ್ಲಿ ಇಡಬೇಕು? (ಪೈವಳಿಕೆ)

ನಿಮ್ಮ ವಾರ್ಡಿನ ಗ್ರಾಮಸಭೆಯಲ್ಲಿ. ಕೇರಳದಲ್ಲಿ ಪ್ರತಿ ವಾರ್ಡೂ ಒಂದು ಗ್ರಾಮಸಭೆ, ಮೂರು ತಿಂಗಳಿಗೊಮ್ಮೆ ಸೇರಬೇಕು. ಕರೆಯುವ ಹೊಣೆ ವಾರ್ಡು ಸದಸ್ಯರದ್ದು, ಸತತ ಎರಡು ಸಲ ಕರೆಯದಿದ್ದರೆ ಅವರ ಸದಸ್ಯತ್ವಕ್ಕೇ ಕುತ್ತು. ಕೋರಂ ಮತದಾರರ ಶೇಕಡಾ 10, ಅಂದರೆ 1,200 ಮತದಾರರ ವಾರ್ಡಿಗೆ 120 ಮಂದಿ. ಜನ ಸಾಲದೆ ಹೋದಾಗ ಆಮೇಲೆ ಮನೆಮನೆಗೆ ಪುಸ್ತಕ ಒಯ್ದು ಸಹಿ ಹಾಕಿಸುವುದಕ್ಕೆ ಒಪ್ಪಬೇಡಿ, ಆ ನಿರ್ಣಯವನ್ನು ಯಾರು ಬೇಕಾದರೂ ಪ್ರಶ್ನಿಸಬಹುದು.

ನಿರ್ಣಯವನ್ನು ಕನ್ನಡದಲ್ಲೇ ಮೊದಲೇ ಬರೆದು ತನ್ನಿ. ಮಂಡಿಸುವವರು, ಅನುಮೋದಿಸುವವರು ಯಾರೆಂದು ನಿಶ್ಚಯಿಸಿಕೊಳ್ಳಿ. ತಿದ್ದಬೇಕಾದ ಕಾನೂನಿನ ಹೆಸರು ಅದರಲ್ಲಿರಲಿ: ಪಂಚಾಯತಿಗೆ 1994ರ ಕೇರಳ ಪಂಚಾಯತ್ ರಾಜ್ ಕಾನೂನು, ನಗರಸಭೆಗೆ 1994ರ ಕೇರಳ ಮುನಿಸಿಪಾಲಿಟಿ ಕಾನೂನು. ಬ್ಲಾಕ್, ಜಿಲ್ಲೆಯನ್ನು ಸೇರಿಸಬೇಡಿ, ಅದೊಂದನ್ನೇ ತೋರಿಸಿ ಇಡೀ ಬೇಡಿಕೆಯನ್ನು ಬದಿಗಿಡಲು ಆಗುತ್ತದೆ. ಜನ ಏಳುವ ಮೊದಲು ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ಪ್ರತಿಯನ್ನು ಪಂಚಾಯತಿಗೂ ಸ್ಥಳೀಯಾಡಳಿತ ಇಲಾಖೆಗೂ ಕನ್ನಡದ ಮುಖಪತ್ರದೊಂದಿಗೆ ಕಳಿಸಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಂತೆ ಕನ್ನಡ ಅಲ್ಪಸಂಖ್ಯಾತರಿಗೆ ಸಚಿವಾಲಯದೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹರಿಸುವ ಹಕ್ಕಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ಮಲಯಾಳದಲ್ಲಿ ಬಂದರೆ ಆ ಕಾನೂನಿನ ಹೆಸರು ಬರೆದು, ಪತ್ರದ ಸಂಖ್ಯೆ ಹಾಕಿ ಮತ್ತೊಮ್ಮೆ ಕೇಳಿ.